ಸೇರಿಸದೆ ಬಿಟ್ಟ ಚುಕ್ಕಿ

ಇದನ್ನು ಹೇಳುವುದನ್ನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ತೆಗೆಸಿದ್ದಾಯಿತು. ಸಂಕ್ರಾಂತಿ ಕಳೆಯಲಿ ಎಂದುಕೊಂಡೆ. ಎರಡು ಸಂಕ್ರಾಂತಿ ಕಳೆದವು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ನನಗೆಲ್ಲಿ ಬರೆಯಲು ಬರುತ್ತದೆ ಎಂದು ಹೇಳಿಕೊಂಡೂ ಕೆಲವು ತಿಂಗಳು ದೂಡಿದೆ. ಸುಳ್ಳು ಹೇಳುವಾಗ ಮಾತ್ರ ನನಗೆ ಓದು ಕಡಿಮೆಯಾಗಿರಲಿಲ್ಲ.

ಒಬ್ಬ ಹೆಂಗಸಿಗೆ ನಾನು ಅನ್ಯಾಯ ಮಾಡಿದೆ. ಆಕೆಯ ಹೆಸರನ್ನು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಅಷ್ಟಕ್ಕೇ ಮನಸ್ಸು ಹಗುರಾಗಿ, ಪೆನ್ನು ಮುಚ್ಚಿಟ್ಟು ಎದ್ದುಬಿಡುತ್ತೇನೆ ಎಂಬ ಭಯ. ಅಲ್ಲಿಯವರೆಗೆ ಎದುರು ಮನೆಯವರು ಎನ್ನುತ್ತೇನೆ. ಮೂವತ್ತೈದು ವರ್ಷ ಅವರು ನಮ್ಮ ಎದುರು ಮನೆಯವರೇ ಆಗಿದ್ದರು.

ಮೊನ್ನೆ ನಮ್ಮ ಬೀದಿಯ ಮೂಲೆಯ ಹೊಸ ಕಟ್ಟಡದಲ್ಲಿ ಗೃಹಪ್ರವೇಶ ಇತ್ತು. ಎಲ್ಲಿಂದಲೋ ಒಂದು ಬಕೆಟ್ ಸಗಣಿ ತರಿಸಿ, ನೀರಿನಲ್ಲಿ ಕದಡಿ, ಗೇಟಿನ ಮುಂದೆ ಎರಚಿದ್ದರು. ಯಲಹಂಕದ ಹಳೇ ಊರಿನಲ್ಲಿ ಆ ವಾಸನೆ ಈಗ ಅಪರೂಪ. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಒದ್ದೆ ಸಗಣಿ, ಅದರ ಮೇಲೆ ಒಣ ರಂಗೋಲಿ ಪುಡಿಯ ಸುಣ್ಣದಂಥ ಘಮ, ಮುಂಜಾನೆಯ ಚಳಿ. ಮನೆಗೆ ಬಂದರೆ ಮೊಮ್ಮಗಳು ಚೈತ್ರಾ ಫೋನು ಹಿಡಿದು ಕುಣಿಯುತ್ತಿದ್ದಳು.

“ತಾತ, ಮೂರನೇ ಸೀಸನ್ ಅನೌನ್ಸ್ ಆಯ್ತು! ಎಲ್ರೂ ಒಂದೇ ಮಾತು ಬರೀತಿದಾರೆ ನೋಡು, ಕೈಯಜ್ಜಿ ಇಲ್ದಿದ್ರೆ ನಾವೂ ಇಲ್ಲ ಅಂತ.”

“ಹೂಂ.”

“ಹೂಂ ಅಲ್ಲ. ನಿಜ ಹೇಳು, ಅವತ್ತು ಅವರನ್ನ ಯಾಕ್ ತೆಗೆದ್ರು? ನೀನು ಅಲ್ಲೇ ಇದ್ಯಲ್ಲ.”

“ನಂಗೇನ್ ಗೊತ್ತಮ್ಮ” ಎಂದು ಹಾಲು ಒಲೆಯ ಮೇಲಿಟ್ಟೆ. ಅದು ಉಕ್ಕುವವರೆಗೂ ಅದನ್ನೇ ನೋಡುತ್ತ ನಿಂತೆ, ಅವಳ ಮುಖ ನೋಡಬಾರದೆಂದು.

ನಮ್ಮದು ನನ್ನ ತಂದೆ ಕಟ್ಟಿಸಿದ ಹೆಂಚಿನ ಮನೆ. ಮುಂದೆ ಜಗುಲಿ, ಎರಡು ಮರದ ಕಂಬ. ಪಕ್ಕದ ಜಾಗದಲ್ಲಿ ಮಗ ಮೂರಂತಸ್ತು ಕಟ್ಟಿದ ಮೇಲೆ ನಾವೆಲ್ಲ ಅದರಲ್ಲಿ ಇದ್ದೇವೆ. ಹಳೇ ಮನೆಯಲ್ಲಿ ಸಾಮಾನು ತುಂಬಿಟ್ಟಿದ್ದೆವು. ನಾನು ಬೆಳಗ್ಗೆ ಪೇಪರು ಓದುವುದು ಮಾತ್ರ ಆ ಜಗುಲಿಯಲ್ಲೇ. ಒಂದು ದಿನ ನಾಲ್ಕು ಜನ ಬಂದು, ಫೋನಿನಲ್ಲಿ ನೋಡುವ ಸೀರೀಸಿಗೆ ಈ ಮನೆ ಬೇಕು ಎಂದರು. ಹೆಸರು ‘ಕಮಲಾ ನಿಲಯ’. ಕ್ಯಾಸೆಟ್ಟು, ರೇಷನ್ ಕ್ಯೂ, ಬಾಡಿಗೆ ಸೈಕಲ್ಲುಗಳ ಕಾಲದ ಕಥೆ. ಸತ್ತುಹೋದ ಕಮಲಜ್ಜಿ ದಿನಾ ಬೆಳಗಿನ ಜಾವ ಬಂದು ಬಾಗಿಲ ಮುಂದೆ ರಂಗೋಲಿ ಹಾಕಿ ಹೋಗುತ್ತಾಳೆ. ಆ ದಿನ ಮನೆಯಲ್ಲಿ ಏನು ನಡೆಯಲಿದೆ ಎನ್ನುವುದು ಆ ರಂಗೋಲಿಯಲ್ಲಿ ಇರುತ್ತದೆ. ಮನೆಯವರಿಗೆ ಅದು ಸಂಜೆಗೆ ಅರ್ಥವಾಗುತ್ತದೆ. ಹೆದರಿಸುವ ದೆವ್ವವಲ್ಲ, ಕಾಯುವ ದೆವ್ವ. ಮುಖ ಒಮ್ಮೆಯೂ ಕಾಣುವುದಿಲ್ಲ. ಎರಡು ಕೈ, ಅಷ್ಟೇ.

ಆ ಕೈಗೆ ಮೊದಲು ಒಬ್ಬ ನಟಿಯನ್ನು ಕರೆಸಿದ್ದರು. ಆಕೆ ಸಾರಿಗೆ ಉಪ್ಪು ಹಾಕುವ ಹಾಗೆ ಪುಡಿ ಉದುರಿಸಿದಳು. ನಿರ್ದೇಶಕರು ತಲೆ ಹಿಡಿದು ಕೂತರು. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಬಂದ ಸಹಾಯಕ ನಿರ್ದೇಶಕಿ ಸಹನಾ, ನಮ್ಮ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಬಿಡುತ್ತಿದ್ದ ಎದುರು ಮನೆಯವರನ್ನು ಕಂಡಳು. ಎಡಗೈಯಲ್ಲಿ ಪುಡಿ ತುಂಬಿದ ಕರಟ. ಬಲಗೈಯ ಎರಡು ಬೆರಳ ನಡುವಿನಿಂದ ದಾರ ಇಳಿದ ಹಾಗೆ ಬಿಳಿ ಎಳೆ. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ, ಒಂದು ತುಳಸಿಕಟ್ಟೆ, ಅದರ ಕೆಳಗೆ ಮೂರು ಚುಕ್ಕಿ. ಸಹನಾ ಉಸಿರು ಬಿಗಿಹಿಡಿದು ನಿಂತಿದ್ದಳು.

ನಮ್ಮ ಬಾಗಿಲಿಗೆ ಅವರೇಕೆ ರಂಗೋಲಿ ಹಾಕುತ್ತಿದ್ದರು ಎನ್ನುವುದನ್ನು ಹೇಳಬೇಕು. ನನ್ನ ಹೆಂಡತಿ ಜಯಮ್ಮನಿಗೂ ಅವರಿಗೂ ಬಲು ಗೆಳೆತನ. ಜಯಮ್ಮನಿಗೆ ಎಳೆ ಎಳೆಯಲು ಬರುತ್ತಿರಲಿಲ್ಲ, ಕೈ ಅಡ್ಡಾದಿಡ್ಡಿ ಹೋಗುತ್ತಿತ್ತು. ಹಾಗಾಗಿ ಎದುರು ಮನೆಯವರು ತಮ್ಮ ಬಾಗಿಲು ಮುಗಿಸಿ ನಮ್ಮ ಬಾಗಿಲಿಗೆ ಬಂದು, ಎಲ್ಲ ಹಾಕಿ, ಕೊನೆಯದೊಂದು ಚುಕ್ಕಿ ಸೇರಿಸದೆ ಬಿಟ್ಟು ಕೂಗುತ್ತಿದ್ದರು: “ಬಾರೇ ಜಯಾ, ನಿನ್ ಪಾಲು ಮುಗ್ಸು!” ಇವಳು ಕೈಯಲ್ಲಿದ್ದ ಸೌಟು ಬಿಟ್ಟು ಓಡಿಹೋಗಿ ಆ ಒಂದು ಎಳೆ ಎಳೆದು ಬರುತ್ತಿದ್ದಳು. ಜಯಮ್ಮ ಹೋದ ಮೇಲೂ ಅವರು ಬರುವುದನ್ನು ನಿಲ್ಲಿಸಲಿಲ್ಲ. ಕೊನೆಯ ಚುಕ್ಕಿಯನ್ನು ಮಾತ್ರ ಹಾಗೇ ಬಿಟ್ಟು ಎದ್ದುಹೋಗುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದಾದ ಎರಡು ವರ್ಷಕ್ಕೆ ಅವರ ಯಜಮಾನರು ತೀರಿಕೊಂಡರು. ತಿಥಿ ಮುಗಿದ ಮಾರನೆಯ ಬೆಳಗ್ಗೆ ನಾನು ಜಗುಲಿಯಲ್ಲಿ ಕೂತಿದ್ದೆ. ಕರಟ ಹಿಡಿದುಕೊಂಡು ಬಂದವರು ಮೆಟ್ಟಿಲ ಹತ್ತಿರ ನಿಂತು, “ಆಕ್ಲಾ ಅಣ್ಣ?” ಎಂದು ಕೇಳಿದರು.

ಅವರು ಏನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಬರಿಗೈ, ಬರಿ ಹಣೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಗಂಡ ಸತ್ತವರನ್ನು ಬಾಗಿಲ ಶುಭಕ್ಕೆ ಮುಟ್ಟಿಸುವುದಿಲ್ಲ.

“ಅದೇನಕ್ಕ ಕೇಳ್ತೀರಾ, ಹಾಕಿ” ಎಂದೆ.

ನಾನು ಜೀವನದಲ್ಲಿ ಆಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. ಅದನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ.

ಸಹನಾ ಕೇಳಿಕೊಂಡಾಗ ಎದುರು ಮನೆಯವರು ಒಂದೇ ಮಾತು ಹೇಳಿದ್ದು. “ಮಕ ತೋರಿಸ್ಬ್ಯಾಡ್ರವ್ವ, ನಂಗೆ ನಾಚ್ಕೆ.” ಕಥೆಯ ಕಮಲಜ್ಜಿ ಮುತ್ತೈದೆಯಾಗಿ ಸತ್ತವಳು. ಅದಕ್ಕೇ ಇವರ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು. ಇವರು ಕೈಯನ್ನು ಒಮ್ಮೆ ಮೇಲೆತ್ತಿ ಇಳಿಸಿದರು. ಬಳೆ ಸದ್ದಾಯಿತು. ಇನ್ನೊಮ್ಮೆ ಎತ್ತಿ ಇಳಿಸಿದರು. “ಆರು ವರ್ಸ ಆಗಿತ್ತಣ್ಣ ಈ ಸದ್ದು ಕೇಳಿ” ಎಂದು ನನ್ನ ಕಡೆ ನೋಡಿ ನಕ್ಕರು. ಅವತ್ತು ಅವರು ಹಾಕಿದ ರಂಗೋಲಿಯಲ್ಲೂ ಒಂದು ಚುಕ್ಕಿ ಉಳಿಯಿತು. ನಿರ್ದೇಶಕರು ಅದನ್ನೇ ಹಿಡಿದುಕೊಂಡು, “ಇದು ಅದ್ಭುತ, ಈ ಚುಕ್ಕಿ ಯಾರಿಗೆ ಅನ್ನೋದೇ ಕಥೆ” ಎಂದು ಕುಣಿದಾಡಿದರು.

ಮೊದಲನೇ ಸೀಸನ್ ಬಂದಾಗ ಹುಡುಗರು ಹುಚ್ಚೆದ್ದುಹೋದರು. ನನಗೆ ಚೈತ್ರಾ ಎಲ್ಲವನ್ನೂ ಓದಿ ಹೇಳುತ್ತಿದ್ದಳು. ಬಿ.ಕಾಂ. ಕೊನೆಯ ವರ್ಷದ ಪುಸ್ತಕ ಮೂಲೆಗಿಟ್ಟು ಅವಳು ಈ ಸೀರೀಸಿನ ಅಭಿಮಾನಿಗಳ ಪೇಜು ನಡೆಸುತ್ತಿದ್ದಳು. ಕಮಲಜ್ಜಿಗೆ ಅವರೆಲ್ಲ ಇಟ್ಟ ಹೆಸರು ಕೈಯಜ್ಜಿ. ‘ನಮ್ಮಜ್ಜಿ ನೆನಪಾದ್ರು’ ಎಂದು ಬರೆಯದವರೇ ಇಲ್ಲ. ಸೇರಿಸದೆ ಬಿಟ್ಟ ಚುಕ್ಕಿಯ ಬಗ್ಗೆ ಏನೇನು ಊಹೆ! ಅದು ಮುಂದೆ ಹುಟ್ಟುವ ಮಗು, ಅದು ಕಳೆದುಹೋದ ಮಗ, ಅದು ಅಜ್ಜಿಯ ಆತ್ಮ ಹೊರಗೆ ಹೋಗುವ ದಾರಿ. ಕೆಲವರು ಮಣಿಕಟ್ಟಿಗೆ ಅದೇ ತುಳಸಿಕಟ್ಟೆ ಹಚ್ಚೆ ಹಾಕಿಸಿಕೊಂಡರು. ನಮ್ಮ ಚೈತ್ರಾ ಕೂಡ. ಅವರಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

ಕೈ ಯಾರದು ಎಂದು ಎಲ್ಲರೂ ಕೇಳುತ್ತಿದ್ದರು. ಸೀರೀಸಿನವರು ಗುಟ್ಟು ಬಿಡಬೇಡಿ ಎಂದು ಬೀದಿಯವರನ್ನೆಲ್ಲ ಕೇಳಿಕೊಂಡಿದ್ದರು. ಚೈತ್ರಾ ಕೂಡ ಗುಟ್ಟು ಕಾಯುವುದೇ ಒಂದು ಹೆಮ್ಮೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಕೊನೆಯಲ್ಲಿ ಹೆಸರುಗಳು ಬರುವ ಜಾಗದಲ್ಲಿ ‘ಕಮಲಜ್ಜಿಯ ಕೈಗಳು: ಕಮಲಜ್ಜಿಯವೇ’ ಎಂದು ಹಾಕಿದ್ದರು. ಅದರ ಮುಂದಿನ ಸಾಲಿನಲ್ಲಿ ‘ಸಂಪ್ರದಾಯ ಸಲಹೆ’ ಎಂದು ನನ್ನ ಹೆಸರು, ತಂದೆಯ ಇನಿಷಿಯಲ್ ಸಮೇತ. ಹಳೇ ಕಾಲದಲ್ಲಿ ಹೊಸ್ತಿಲಿಗೆ ಏನು ಹಚ್ಚುತ್ತಿದ್ದರು, ಹಬ್ಬದ ಎಲೆಗೆ ಏನು ಮೊದಲು ಬಡಿಸುತ್ತಿದ್ದರು ಎಂದು ನಾಲ್ಕು ಮಾತು ಹೇಳಿದ್ದಕ್ಕೆ ಆ ಪದವಿ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವನ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ನಾನು ಆ ಸಾಲು ಬಂದಾಗಲೆಲ್ಲ ಫೋನು ನಿಲ್ಲಿಸಿ ನೋಡುತ್ತಿದ್ದೆ.

ಮನೆ ನೋಡಲು ಹುಡುಗರು ಬರತೊಡಗಿದರು. ನಾನು ಶರಟು ಬದಲಾಯಿಸಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದೆ. ಅವರು ನನ್ನೊಂದಿಗೆ ಫೋಟೊ ತೆಗೆಸಿಕೊಂಡು, ಆಮೇಲೆ ತಗ್ಗಿದ ದನಿಯಲ್ಲಿ ಕೇಳುವುದು ಒಂದೇ. “ತಾತ, ಕೈಯಜ್ಜಿ ನಿಜವಾಗ್ಲೂ ಯಾರು?” ಕೇಳುವಾಗ ಅವರ ಕಣ್ಣು ನನ್ನ ಮೇಲಿರುತ್ತಿರಲಿಲ್ಲ, ಬಾಗಿಲ ಮುಂದಿನ ನೆಲದ ಮೇಲೆ ಇರುತ್ತಿತ್ತು. ಎದುರುಗಡೆ ಆ ಹೆಂಗಸು ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಎಪ್ಪತ್ತರ ಗಡಿ ದಾಟಿದ ನನಗೆ ಆ ಎರಡು ಕೈಗಳ ಮೇಲೆ ಹೊಟ್ಟೆಕಿಚ್ಚು ಬಂದಿತ್ತು.

ಎರಡನೇ ಸೀಸನ್ ಚಿತ್ರೀಕರಣ ಆಷಾಢದಲ್ಲಿ ಶುರುವಾಯಿತು. ಆ ವರ್ಷ ಗಾಳಿ ಬಲವಾಗಿತ್ತು. ಹಾಕಿದ ರಂಗೋಲಿ ಹಾರಿಹೋಗದಂತೆ ನಾಲ್ಕು ಜನ ರಟ್ಟು ಹಿಡಿದು ನಿಲ್ಲಬೇಕು. ಅದರ ಮೇಲೆ ವಾಯುನೆಲೆಯ ವಿಮಾನ ಹಾರಿದಾಗಲೆಲ್ಲ ಸದ್ದು ನಿಲ್ಲುವವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಆಕಾಶ ನೋಡಬೇಕು. ಸೀರೀಸಿನವರಿಗೆ ಈ ಸಲ ಅಭಿಮಾನಿಗಳ ಭಯ ಹಿಡಿದಿತ್ತು. ಮೊದಲನೇ ಸೀಸನ್ನಿನಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿ ತಪ್ಪು ವಾರಕ್ಕೆ ಬಿದ್ದಿದ್ದನ್ನು ಯಾರೋ ಕಂಡುಹಿಡಿದು ವಾರಗಟ್ಟಲೆ ಆಡಿಕೊಂಡಿದ್ದರು. ಅದಕ್ಕೇ ಸಹನಾ ಒಂದು ಮಧ್ಯಾಹ್ನ ಗೌರಿ ಹಬ್ಬದ ಕಂತಿನ ಹಾಳೆಗಳನ್ನು ತಂದು ನನ್ನ ಮುಂದಿಟ್ಟಳು. ಕಮಲಜ್ಜಿಯ ಕೈಗಳು ಬಾಗಿಲಿಗೆ ರಂಗೋಲಿ ಹಾಕಿ, ಅರಿಶಿನ ಕುಂಕುಮ ಇಟ್ಟು, ತವರಿಗೆ ಬಂದ ಮಗಳಿಗೆ ಬಾಗಿನ ಕೊಡುವ ದೃಶ್ಯ.

“ಸರ್, ಸಂಪ್ರದಾಯದಲ್ಲಿ ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಜನ ನಮ್ಮನ್ನ ಹುರಿದು ಮುಕ್ತಾರೆ.”

ಹಾಳೆಗಳಲ್ಲಿ ತಪ್ಪಿರಲಿಲ್ಲ. ಮೊರ, ಬಳೆ, ಬಿಚ್ಚೋಲೆ ಎಲ್ಲ ಸರಿಯಾಗಿ ಬರೆದಿದ್ದಳು. ತಪ್ಪಿಲ್ಲ ಎಂದು ಹೇಳಿದರೆ ಸಲಹೆ ಕೊಟ್ಟ ಹಾಗೆ ಆಗುವುದಿಲ್ಲವಲ್ಲ. ಕನ್ನಡಕ ತೆಗೆದು ಒರೆಸಿದೆ.

“ಎಲ್ಲಾ ಸರಿ ಇದೆಯಮ್ಮ. ಆದ್ರೆ ಬಾಗಿನ ಕೊಡೋದಕ್ಕೆ ಮುತ್ತೈದೆ ಕೈ ಬೇಕು. ಆಕೆ ಯಜಮಾನರು ಹೋಗಿ ಏಳು ವರ್ಷ ಆಗ್ತಾ ಬಂತು.”

ಸಹನಾಳ ಮುಖ ಸಣ್ಣಗಾಯಿತು. “ನಟನೆ ತಾನೇ ಸರ್? ಮುಖಾನೂ ಕಾಣಲ್ಲ.”

“ಈ ಬೀದಿಯವರಿಗೆ ಗೊತ್ತಲ್ಲ. ಯಾರಾದ್ರೂ ಬರೆದ್ರೆ? ನನ್ನ ಹೆಸರು ಬೇರೆ ಇರತ್ತೆ ಅದರಲ್ಲಿ.”

ಇಷ್ಟೇ ನಾನು ಹೇಳಿದ್ದು. ಇದರಲ್ಲಿ ಒಂದು ಮಾತನ್ನೂ ನಾನು ನಂಬಿರಲಿಲ್ಲ. ಅದೇ ದಿನ ಬೆಳಗ್ಗೆಯೂ ಆ ಕೈ ಹಾಕಿದ ರಂಗೋಲಿಯನ್ನು ದಾಟಿಕೊಂಡೇ ನಾನು ಜಗುಲಿಗೆ ಬಂದಿದ್ದೆ. ಆ ಒಂದು ದೃಶ್ಯಕ್ಕೆ ಮಾತ್ರ ಬೇರೆಯವರು ಬರುತ್ತಾರೆ, ಉಳಿದದ್ದಕ್ಕೆ ಅವರೇ ಇರುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆದರೆ ಒಂದೇ ಕಂತಿನಲ್ಲಿ ಬೇರೆ ಕೈ ಬಂದರೆ ಜನ ಕೂಡಲೇ ಹಿಡಿಯುತ್ತಾರೆಂದು ಅವರು ಇಡೀ ಸೀಸನ್ನಿಗೇ ಹೊಸಬಳನ್ನು ಗೊತ್ತುಮಾಡಿದರು. ಅದು ನನಗೆ ಸಂಜೆ ತಿಳಿಯಿತು. ಎದ್ದು ಹೋಗಿ ಬೇಡ ಎನ್ನಲು ಇಡೀ ರಾತ್ರಿ ಸಮಯವಿತ್ತು.

ಬೆಳಗ್ಗೆ ಎದುರು ಮನೆಯವರು ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟು, ಕರಟದೊಂದಿಗೆ ಬಂದರು. ತಾವೇ ಪುಡಿಯನ್ನು ಬಟ್ಟೆಯಲ್ಲಿ ಶೋಧಿಸಿಕೊಂಡು ತಂದಿದ್ದರು. ಬಳೆ ತೊಡಿಸಲೆಂದು ಕೈ ಮುಂದೆ ಚಾಚಿ ಪೀಠದ ಮೇಲೆ ಕೂತರು. ಸಹನಾ ಅವರ ಮುಂದೆ ಕೂತು, ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಅಮ್ಮ, ಈ ಸಲ ಬೇರೆಯವರು ಮಾಡ್ತಾರೆ.”

“ಯಾಕವ್ವ, ಎಳೆ ಸರಿ ಬಂದಿರ್ಲಿಲ್ವ?”

“ಅಯ್ಯೋ, ಹಾಗಲ್ಲಮ್ಮ. ಗೌರಿ ಹಬ್ಬದ ಸೀನು. ಮುತ್ತೈದೆ ಕೈ ಬೇಕಂತೆ.”

ಬೇಕಂತೆ ಎಂದಳು. ಯಾರು ಹೇಳಿದರು ಎನ್ನಲಿಲ್ಲ. ಎದುರು ಮನೆಯವರು ಕೇಳಲೂ ಇಲ್ಲ. ತಲೆ ತಿರುಗಿಸಿ ಜಗುಲಿಯ ಕಡೆ ಒಮ್ಮೆ ನೋಡಿದರು. ನಾನು ಪೇಪರನ್ನು ಮುಖದ ಮುಂದೆ ಬಿಡಿಸಿ ಹಿಡಿದೆ. ಅವತ್ತಿನ ಪೇಪರಿನಲ್ಲಿ ಏನಿತ್ತು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಅದು ತಲೆಕೆಳಗಾಗಿರಲಿಲ್ಲ, ಅಷ್ಟು ಮಾತ್ರ ಗೊತ್ತು.

ಮಾರನೆಯ ದಿನ ನಮ್ಮ ಬಾಗಿಲ ಮುಂದೆ ಏನೂ ಇರಲಿಲ್ಲ. ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ತರಕಾರಿ ಗಾಡಿಯ ಹತ್ತಿರ ಸಿಕ್ಕರು. ಸಿಟ್ಟಾಗಿದ್ದಾರೆ ಎಂದುಕೊಂಡು ನಾನು ಸಿದ್ಧನಾಗಿದ್ದೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಏನಕ್ಕ, ಬಾಗಿಲು ಬೋಳಾಗಿದೆ?” ಎಂದೆ, ನಗುತ್ತ.

“ಬ್ಯಾಡ ಬುಡಣ್ಣ. ನಿಮ್ಮನೇಲಿ ಮದ್ವೆಗೆ ಬಂದಿರೋ ಮಗ ಅವ್ಳೆ. ಇಷ್ಟ್ ವರ್ಸ ನಂಗೂ ಒಳೀಲಿಲ್ಲ ನೋಡಿ, ಜಯಾಗ್ ಮಾತು ಕೊಟ್ಟಿದ್ನಲ್ಲ ಅಂತ ಆಕ್ತಾನೇ ಇದ್ದೆ. ಆ ಕೂಸಿಗ್ ಏನಾರ ಕೆಟ್ಟದಾದ್ರೆ ನಾನೆಲ್ಲಿ ಓಗ್ಲಿ?”

ನನ್ನ ಮಾತನ್ನು ಅವರು ನನ್ನ ಮೊಮ್ಮಗಳ ಒಳಿತಿಗಾಗಿ ನಂಬಿದ್ದರು. ಸುಳ್ಳು ಅಕ್ಕ, ನಾನು ಸುಮ್ಮನೆ ಆಡಿದ ಮಾತು ಅದು ಎಂದು ಅಲ್ಲೇ ಹೇಳಬಹುದಿತ್ತು. ಗಾಡಿಯವನು, “ತಾತ, ಬೀನ್ಸ್ ಹಾಕ್ಲಾ?” ಎಂದ. ಹಾಕು ಎಂದೆ.

ಸೀಸನ್ ಬಿಡುಗಡೆಯಾದದ್ದು ಧನುರ್ಮಾಸದ ಚಳಿಯಲ್ಲಿ. ಭಾನುವಾರ ಮಧ್ಯಾಹ್ನ ಚೈತ್ರಾಳ ಗೆಳೆಯರೆಲ್ಲ ನಮ್ಮ ನಡುಮನೆಯಲ್ಲಿ ಸೇರಿ ಟೀವಿಗೆ ಫೋನು ಜೋಡಿಸಿಕೊಂಡು ಕೂತರು. ಮೊದಲ ದೃಶ್ಯ ಶುರುವಾಯಿತು. ಮಂಜು, ಒದ್ದೆ ನೆಲ, ಹಸಿರು ಬಳೆ. ಎಲ್ಲರೂ ಸೀಟಿ ಹೊಡೆದರು. ಆಮೇಲೆ ಕೈ ಹತ್ತಿರದಲ್ಲಿ ಕಂಡಿತು. ಸೀಟಿ ನಿಂತಿತು.

“ಇದ್ಯಾರ್ ಕೈ ಗುರು?”

“ಹಚ್ಚೆ ನೋಡೋ, ಸ್ಕೆಚ್ ಪೆನ್ನು!”

“ಮಗಾ, ನಮ್ ಕೈಯಜ್ಜಿ ಎಳೆ ಎಳೆದ್ರೆ ಇಸ್ತ್ರಿ ಹೊಡ್ದಂಗಿರೋದು. ಇದೇನೋ, ಇರುವೆ ಹಿಂದೆ ಓಡ್ತಿರೋ ತರ ಇದೆ.”

“ಏಯ್, ಏಯ್! ಕೊನೇ ಚುಕ್ಕಿ ಸೇರಿಸ್ಬಿಟ್ರು ಕಣ್ರೋ!”

ಹೌದು, ಸೇರಿಸಿಬಿಟ್ಟಿದ್ದರು. ಚಿತ್ರೀಕರಣದ ದಿನ ಹೊಸ ಹೆಂಗಸು ತನ್ನ ಮನೆಯ ಅಭ್ಯಾಸದಂತೆ ಎಲ್ಲ ಚುಕ್ಕಿಗಳನ್ನೂ ಕೂಡಿಸಿ ಎದ್ದಿದ್ದಳು. ಗಾಳಿ, ವಿಮಾನ, ಅವಸರದಲ್ಲಿ ಸೀರೀಸಿನವರಿಗೆ ಅದು ಕಾಣಲಿಲ್ಲ. ಜಗುಲಿಯಲ್ಲಿದ್ದ ನಾನು ಕಂಡಿದ್ದೆ. ಹೇಳಲಿಲ್ಲ. ಆ ಚುಕ್ಕಿ ಯಾರದು ಎಂದು ಹೇಳದೆ ಅದನ್ನು ಬಿಡಿ ಎಂದು ಹೇಗೆ ಹೇಳುವುದು?

ಚೈತ್ರಾ ಅಳುಮುಖ ಮಾಡಿಕೊಂಡು ಫೋನು ನೋಡುತ್ತಿದ್ದಳು. ಒಂದಾದ ಮೇಲೊಂದು ಬೈಗುಳ. ನಮ್ಮಜ್ಜಿಯನ್ನು ಕದ್ದರು ಎಂದು ಒಬ್ಬ. ಇದು ಕೈಯಜ್ಜಿಯ ವೇಷದಲ್ಲಿ ಬಂದಿರುವ ಬೇರೆ ದೆವ್ವ, ಮುಂದೆ ಗೊತ್ತಾಗುತ್ತದೆ ನೋಡಿ ಎಂದು ಇನ್ನೊಬ್ಬಳ ಆಸೆ. ಮೂರನೆಯ ಕಂತು ಬರುವ ಹೊತ್ತಿಗೆ ಯಾರೋ ಬರೆದರು, ಕೈಯಜ್ಜಿಯ ಪಾತ್ರ ಮಾಡಿದವರು ತೀರಿಕೊಂಡಿರಬೇಕು, ಇಲ್ಲದಿದ್ದರೆ ಯಾರು ತಾನೇ ಆ ಕೈ ಬದಲಾಯಿಸುತ್ತಾರೆ? ಸಂಜೆಯೊಳಗೆ ಎಲ್ಲ ಕಡೆ ಓಂ ಶಾಂತಿ. ಚೈತ್ರಾ ‘ಬದುಕಿದಾರೆ, ನಾನು ನೋಡಿದೀನಿ’ ಎಂದು ಬರೆದರೂ ಯಾರೂ ನಂಬಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಬೀದಿಯಲ್ಲಿ ಪಿಸುಮಾತು ಕೇಳಿ ಹೊರಗೆ ಬಂದೆ. ಅಮೃತಹಳ್ಳಿಯಿಂದ, ಹೆಬ್ಬಾಳದಿಂದ, ಆರ್.ಟಿ. ನಗರದಿಂದ ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರು, ಸ್ವೆಟರು, ಟೋಪಿ ಹಾಕಿಕೊಂಡು ನಮ್ಮ ಹಳೇ ಮನೆಯ ಮುಂದೆ ಕೂತಿದ್ದರು. ಪ್ರತಿಯೊಬ್ಬರೂ ಒಂದೊಂದು ರಂಗೋಲಿ ಹಾಕಿ ಒಂದೊಂದು ಚುಕ್ಕಿ ಬಿಡುತ್ತಿದ್ದರು. ನಡುವೆ ಸೇವಂತಿಗೆ ಹೂವು, ಒಂದು ಹಣತೆ. ತಿಂಗಳುಗಟ್ಟಲೆ ಬರಿದಾಗಿದ್ದ ನನ್ನ ಬಾಗಿಲ ತುಂಬ ಸೊಟ್ಟ ಎಳೆಗಳು.

ಎದುರು ಮನೆಯ ಬಾಗಿಲಲ್ಲಿ ಅವರು ಪೊರಕೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಸನ್ನೆ ಮಾಡಿ ಕರೆದರು.

“ಏನಣ್ಣ ಇದು? ಯಾರ್ ಸತ್ತೋದ್ರು?”

“ಯಾರೂ ಇಲ್ಲಕ್ಕ. ಸೀರೀಸಿನ ಅಜ್ಜಿ ಹೋಗ್ಬಿಟ್ರು ಅಂದ್ಕೊಂಡಿದಾರೆ.”

“ನಾನಾ?” ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. “ನಮ್ ಯಜಮಾನ್ರು ಓದಾಗ ಇಷ್ಟ್ ಜನ ಬಂದಿರ್ಲಿಲ್ಲ, ನೋಡಿ!”

ಆಮೇಲೆ ನಗು ನಿಂತಿತು. ಹತ್ತಿರದಲ್ಲೇ ಕೂತಿದ್ದ ಒಬ್ಬ ಹುಡುಗಿ, ಕಣ್ಣೊರೆಸಿಕೊಳ್ಳುತ್ತ, ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಸುರಿಯುತ್ತಿದ್ದಳು. ಎದುರು ಮನೆಯವರು ಪೊರಕೆ ಗೋಡೆಗೆ ಒರಗಿಸಿ ಎರಡು ಹೆಜ್ಜೆ ಇಳಿದರು. “ಇಂಗಲ್ಲ ಮಗ, ಎರಡೇ ಬೆಳ್ಳು...” ಎಂದು ಬಲಗೈ ಚಾಚಿದರು. ಹಚ್ಚೆ ಕಂಡಿತು. ಆ ಹುಡುಗಿ ತಲೆ ಎತ್ತುವಷ್ಟರಲ್ಲಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಬ್ಯಾಡ, ಮದ್ವೆ ಆಗ್ದಿರೋ ಮಕ್ಳು” ಎಂದರು, ನನಗೆ ಮಾತ್ರ ಕೇಳುವಂತೆ.

ಅಷ್ಟರಲ್ಲಿ ಒಬ್ಬ ಹುಡುಗ ಫೋನು ಎತ್ತಿ ಹಿಡಿದು ನನ್ನ ಮುಂದೆ ಬಂದ. “ಫ್ರೆಂಡ್ಸ್, ಇವ್ರೇ ಸಲಹೆ ತಾತ! ತಾತ, ನೀವೇ ಹೇಳ್ಬೇಕು. ಕೈಯಜ್ಜಿ ಇದಾರಾ, ಇಲ್ವಾ? ಇದ್ರೆ ಯಾಕ್ ತೆಗೆದ್ರು?”

ಇಪ್ಪತ್ತೈದು ಮುಖ ನನ್ನ ಕಡೆ ತಿರುಗಿದವು. ಚೈತ್ರಾಳದೂ. ಮೊದಲ ಸಲ ಆ ಎಲ್ಲ ಕಣ್ಣುಗಳೂ ನೆಲವನ್ನು ಬಿಟ್ಟು ನನ್ನ ಮೇಲಿದ್ದವು. ನಾಲ್ಕು ಮೊಳ ದೂರದಲ್ಲಿ ಅವರು ನಿಂತಿದ್ದರು.

“ಇದಾರೆ. ಚೆನ್ನಾಗಿದಾರೆ” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. “ಆದ್ರೆ ವಯಸ್ಸಾಯ್ತು. ಕೈ ನಡುಗುತ್ತೆ. ಅದಕ್ಕೇ ಬೇರೆಯವರನ್ನ ಹಾಕ್ಕೊಂಡ್ರು. ಯಾರನ್ನೂ ಬೈಬೇಡಿ.”

ಅವರೆಲ್ಲ ಚಪ್ಪಾಳೆ ಹೊಡೆದರು. ಕೆಲವರು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ನಾನು ಹಿಂತಿರುಗಿ ನೋಡಿದಾಗ ಎದುರು ಮನೆಯ ಬಾಗಿಲು ಮುಚ್ಚಿತ್ತು. ಪೊರಕೆ ಗೋಡೆಗೆ ಒರಗಿದಂತೆಯೇ ಇತ್ತು.

ಹತ್ತು ದಿನದ ನಂತರ ಸಹನಾ ಬಂದಳು. ಕೊನೆಯ ಕಂತಿನ ಒಂದು ದೃಶ್ಯವನ್ನು ಮತ್ತೆ ತೆಗೆಯುವುದಿತ್ತು. ಜನರ ಕೋಪ ಕಂಡು ಹಳೆಯ ಕೈಯನ್ನೇ ಕರೆತನ್ನಿ ಎಂದಿದ್ದರಂತೆ. ಅವಳು ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದು ನನಗೆ ಜಗುಲಿಯಿಂದ ಕೇಳುತ್ತಿತ್ತು.

“ಅಮ್ಮ, ನಾವು ಅವತ್ತು ಆ ಮಾತು ಕೇಳಬಾರದಿತ್ತು. ತಪ್ಪಾಯ್ತು. ನೀವು ಬಂದ್ರೆ ಸಾಕು, ಮುತ್ತೈದೆ ಗಿತ್ತೈದೆ ಏನೂ ನೋಡಲ್ಲ.”

“ಆಗಲ್ಲ ತಾಯಿ. ಅಣ್ಣ ಪೋನಲ್ಲಿ ಏಳವ್ರಲ್ಲ, ಊರೆಲ್ಲ ಕೇಳೈತೆ. ನೋಡು ಬೇಕಾರೆ.”

ಬಲಗೈಯನ್ನು ಅವಳ ಮುಂದೆ ಚಾಚಿದರು. ಕೈ ನಡುಗಿತು. ಆ ಕೈಯನ್ನು ನಾನು ಮೂವತ್ತೈದು ವರ್ಷದಿಂದ ನೋಡುತ್ತ ಬಂದಿದ್ದೆ. ಅವತ್ತು ಬೆಳಗ್ಗೆಯೇ ಅವರು ತುಂಬಿದ ಕೊಡವನ್ನು ಮೆಟ್ಟಿಲು ಹತ್ತಿಸಿದ್ದನ್ನು ಕಂಡಿದ್ದೆ, ಒಂದು ಹನಿ ತುಳುಕಿರಲಿಲ್ಲ. ಅವರು ಬೇಕೆಂದೇ ನಡುಗಿಸುತ್ತಿದ್ದರು. ಅವರು ಹೋಗಿ ರಂಗೋಲಿ ಹಾಕಿದ್ದರೆ ನಾನು ಸುಳ್ಳುಗಾರ ಎಂದು ಆ ಮಕ್ಕಳಿಗೆಲ್ಲ ಗೊತ್ತಾಗುತ್ತಿತ್ತು. ಸಹನಾ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಎದ್ದಳು. ನನ್ನ ಮುಂದೆಯೇ ಹಾದುಹೋದಳು.

ಎರಡನೇ ಸೀಸನ್ ಬೇರೆ ಕೈಗಳಲ್ಲೇ ಮುಗಿಯಿತು. ಅಭಿಮಾನಿಗಳು ಇವತ್ತಿಗೂ ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ. ನಮ್ಮ ಪಾಲಿಗೆ ಒಂದೇ ಸೀಸನ್ ಇರೋದು ಎನ್ನುತ್ತಾರೆ. ಅದೇ ಬೇಸಿಗೆಯಲ್ಲಿ ಎದುರು ಮನೆಯನ್ನು ಕೆಡವಿ ಕಟ್ಟಲು ಅವರ ಮಗ ಶುರುಮಾಡಿದ. ಅವರು ಚಿಕ್ಕಜಾಲದ ಮಗಳ ಮನೆಗೆ ಹೋದರು. ಹೋಗುವ ದಿನ ಆಟೋದಲ್ಲಿ ಕೂತು, “ಬತ್ತೀನಣ್ಣ, ಒತ್ತೊತ್ತಿಗೆ ಊಟ ಮಾಡಿ” ಎಂದರು. ನಾನು ಕೈ ಬೀಸಿದೆ.

ಒಂದು ಸಲ ಚಿಕ್ಕಜಾಲಕ್ಕೆ ಹೋದೆ. ಕ್ಷಮೆ ಕೇಳಿಯೇ ಬರಬೇಕೆಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಮಗಳ ಮನೆಯ ಹೊಸ್ತಿಲ ಮುಂದೆ ಅಂಗಡಿಯಲ್ಲಿ ಸಿಗುವ ಸ್ಟಿಕ್ಕರ್ ರಂಗೋಲಿ ಅಂಟಿಸಿತ್ತು. ಅದರ ಒಂದು ಮೂಲೆ ಕಿತ್ತುಬಂದಿತ್ತು.

“ಓ, ಅಣ್ಣ! ಬನ್ನಿ ಬನ್ನಿ. ಏನ್ ಇಷ್ಟ್ ದೂರ?”

“ಸುಮ್ನೆ ಬಂದೆ ಅಕ್ಕ.”

“ಚೈತ್ರಾ ಎಂಗವ್ಳೆ? ಗಂಡು ನೋಡಿದ್ರಾ?”

“ಈಗ್ಲೇ ಏನಕ್ಕ, ಕೆಲಸಕ್ಕೆ ಸೇರಿದಾಳೆ.”

ಅಂಚಿನವರೆಗೆ ತುಂಬಿದ ಲೋಟ ತಂದು ನನ್ನ ಮುಂದಿಟ್ಟರು. ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ಆಮೇಲೆ ನೆಲದ ಮೇಲೆ ಕೂತು ಮಾತಾಡಿದೆವು. ಅವರೆಕಾಯಿ ಈ ವರ್ಷ ಸೊನೆ ಇಲ್ಲ ಎಂದೆ. ಹೌದು ಎಂದರು. ಮಾತಾಡುತ್ತ ಅವರು ನೀರಿನ ಲೋಟದ ತಳದಲ್ಲಿ ಉಳಿದಿದ್ದ ಒದ್ದೆಯನ್ನು ಬೆರಳಿಗೆ ತಾಗಿಸಿಕೊಂಡು, ಗೊತ್ತಿಲ್ಲದಂತೆ, ನೆಲದ ಮೇಲೆ ಚುಕ್ಕಿ ಇಡುತ್ತಿದ್ದರು. ಮೂರು ಸಾಲು. ಎಳೆ ಸೇರಿಸುತ್ತ ಬಂದು ಒಂದು ಚುಕ್ಕಿಯ ಹತ್ತಿರ ಬೆರಳು ನಿಂತಿತು.

ಆ ಚುಕ್ಕಿ ನನ್ನ ಕಡೆಗಿತ್ತು. ಮಾತು ಬೇಕಿರಲಿಲ್ಲ. ನಾನು ಬೆರಳು ಒದ್ದೆ ಮಾಡಿ ಆ ಒಂದು ಎಳೆ ಎಳೆದಿದ್ದರೆ ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ನನ್ನ ಕೈ ಮುಂದೆ ಹೋಯಿತು. ಹೋಗಿ, ಕಾಫಿ ಲೋಟ ಎತ್ತಿಕೊಂಡಿತು. ಕುಡಿದು ಮುಗಿಸುವಷ್ಟರಲ್ಲಿ ನೀರಿನ ಚುಕ್ಕಿಗಳು ಆರಿಹೋಗಿದ್ದವು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಈ ಹಾಳೆಗಳನ್ನು ಚೈತ್ರಾಳ ಕೈಗೆ ಕೊಡುತ್ತೇನೆ. ಅವಳು ತನ್ನ ಪೇಜಿನಲ್ಲಿ ಹಾಕಲಿ. ಮಣಿಕಟ್ಟಿನ ಮೇಲೆ ಆ ತುಳಸಿಕಟ್ಟೆ ಇಟ್ಟುಕೊಂಡು ಅವಳು ಇದನ್ನೆಲ್ಲ ಓದಬೇಕಾಗುತ್ತದೆ. ಓದಿದ ಮೇಲೆ ನನ್ನ ಜೊತೆ ಎಷ್ಟು ದಿನ ಮಾತು ಬಿಡುತ್ತಾಳೋ ಬಿಡಲಿ. ಇದು ಕ್ಷಮೆಯಲ್ಲ ಎಂದು ನನಗೆ ಗೊತ್ತಿದೆ. ಕ್ಷಮೆ ಕೇಳಬೇಕಾದ ಬಾಗಿಲು ಚಿಕ್ಕಜಾಲದಲ್ಲಿದೆ, ಅಲ್ಲಿ ನಾನು ಇನ್ನೂ ಕೇಳಿಲ್ಲ.

ಆದರೆ ನೀವೆಲ್ಲ ಇಷ್ಟು ವರ್ಷ ನನ್ನ ಜಗುಲಿಯ ಮುಂದೆ ನಿಂತು ಕೇಳಿದ್ದಕ್ಕೆ ಉತ್ತರ ಕೊಡಬಲ್ಲೆ. ಆ ಕೈ ನಡುಗುತ್ತಿರಲಿಲ್ಲ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ನೀವು ತಲೆ ಕೆಡಿಸಿಕೊಂಡ ಆ ಚುಕ್ಕಿ ನನ್ನ ಹೆಂಡತಿ ಜಯಮ್ಮನದು. ಮುಖ ತೋರಿಸಬೇಡಿ ಎಂದು ಅವರು ಹೇಳಿದ್ದರು. ಹೆಸರು ಹೇಳಬೇಡಿ ಎಂದು ಹೇಳಿರಲಿಲ್ಲ. ಬರೆಯಲೇ ಎಂದು ಯಾರೂ ಅವರನ್ನು ಕೇಳಲಿಲ್ಲ, ಅಷ್ಟೇ.

ಅವರ ಹೆಸರು ಪಿಳ್ಳಮ್ಮ.